ಲಾಭದ ಫೋಟೋ

"ಅದ್ಯಾಕ್ರೀ ಮೂಲೇಲಿ ನಿಂತ್ಬುಟ್ರಿ? ನಡುವಿಗೆ ಬನ್ನಿ," ಎಂದರು ಮಹದೇವಯ್ಯ, ವಾಗೀಶನ ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು. ವಿಮಾನ ರದ್ದಾಯಿತೆಂದು ಇಷ್ಟೊತ್ತೂ ಅವನಿಗೇ ಬೈದು ಸುಸ್ತಾಗಿದ್ದ ಪ್ರಯಾಣಿಕ ಅವರು.

ಮೈಸೂರು ವಿಮಾನ ನಿಲ್ದಾಣದ ಕೌಂಟರಿನ ಮುಂದೆ ವಾಗೀಶ ಲಾಡಿನ ಡಬ್ಬ ಹಿಡಿದು ನಿಂತಿದ್ದ. ಅವನ ಸರ್ಕಾರಿ ವಿಮಾನ ಕಂಪನಿ ಕೊನೆಗೂ ಲಾಭ ಕಂಡಿತ್ತು. ದೆಹಲಿಯ ಸಾಹೇಬರಿಗೆಲ್ಲ ಬೋನಸ್ಸು, ಊರೂರಿನ ಸಿಬ್ಬಂದಿಗೆ ಲಾಡು. ಎಲ್ಲರೂ ಸಿಹಿ ತಿನ್ನುತ್ತಿರುವ ಗ್ರೂಪ್ ಫೋಟೋ ಸಂಜೆಯೊಳಗೆ ಕಳಿಸಬೇಕೆಂದು ಅಪ್ಪಣೆಯಾಗಿತ್ತು. ಅಂಥ ಫೋಟೋಗಳಲ್ಲಿ ಎಡತುದಿ ಯಾವಾಗಲೂ ವಾಗೀಶನದು. ಇವತ್ತೂ ಕಾಲು ತಾನಾಗಿ ಅಲ್ಲಿಗೇ ಹೋಗಿತ್ತು.

"ಸರಿ, ಉಳಿದೋರ್ನ ಬೇಗ ಕರೀರಿ ಮತ್ತೆ. ಲಾಭ ಬಂತು ಅಂತೀರಾ, ಒಬ್ರೂ ಕಾಣಲ್ವಲ್ಲ?" ಎಂದರು ಮಹದೇವಯ್ಯ.

"ಅವರನ್ನೆಲ್ಲ ಮನೆಗೆ ಕಳಿಸಿದ್ದಕ್ಕೇ ಸಾರ್ ಲಾಭ ಬಂದಿದ್ದು," ಎಂದ ವಾಗೀಶ, ನಡುವಿಗೆ ಬಂದು ನಿಂತ.