ಪಕ್ಕದ ಟ್ಯೂಬು

ಮರುದಿನ ಅಜ್ಜಿಗೆ ಆಪರೇಷನ್. ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡಲು ಡಾಕ್ಟರು ಲ್ಯಾಬಿಗೆ ಕಳಿಸಿದ್ದರು. ಹೊರಗೆ ಕೂರಲು ಹೇಳಿದರೂ ಆಕೆ ಟೆಕ್ನಿಷಿಯನ್ ಹೆಂಗಸಿನ ಪಕ್ಕದಿಂದ ಕದಲಲಿಲ್ಲ.

ಬಿಸಿನೀರಿನಲ್ಲಿ ಎರಡು ಟ್ಯೂಬುಗಳಿದ್ದವು. ಎರಡರಲ್ಲೂ ರಕ್ತದಿಂದ ಬೇರ್ಪಡಿಸಿದ ತಿಳಿಹಳದಿ ದ್ರವ.

"ಎರಡೂ ನಂದೇನವ್ವ?"

"ಒಂದು ನಿಮ್ಮದು, ಒಂದು ನಂದು. ಆರೋಗ್ಯವಾಗಿರೋರದ್ದು ಪಕ್ಕದಲ್ಲಿಟ್ಟು ನೋಡ್ಬೇಕು ಅಜ್ಜಿ. ಇವತ್ತು ಬೇರೆ ಯಾರೂ ಸಿಗಲಿಲ್ಲ."

"ಅದ್ಯಾಕೆ ನಿಂತಲ್ಲೇ ತೂಕಡಿಸ್ತೀಯ? ತೋಳೆಲ್ಲ ನೀಲಿಗಟ್ಟೈತೆ."

"ಕೆಲಸ ಜಾಸ್ತಿ. ಎಲ್ಲಿ ತಗಲಿಸ್ಕೊಂಡ್ನೋ, ನೆನಪೂ ಇರಲ್ಲ."

ಅವಳು ಎರಡಕ್ಕೂ ಔಷಧಿ ಬಿಟ್ಟಳು. "ಇದು ಬಿದ್ರೆ ಗಾಯ ಆದಂಗೆ. ರಕ್ತದಲ್ಲಿರೋ ಅಂಶಗಳು ಒಂದನ್ನೊಂದು ಎಬ್ಬಿಸ್ತಾ ಹೋಗ್ತವೆ. ಮಧ್ಯೆ ಒಂದು ಏಳದಿದ್ರೂ ಬೇಗ ಗಟ್ಟಿಯಾಗಲ್ಲ."

"ಆಗದಿದ್ರೆ?"

"ಕುಯ್ದ ಮೇಲೆ ರಕ್ತ ನಿಲ್ಲಲ್ಲ. ಆಪರೇಷನ್ ಬಿಟ್ಟು ಮೊದ್ಲು ಒಳಗೇನು ಕಾಯಿಲೆ ಅಂತ ಹುಡುಕ್ತಾರೆ."

ಅವಳು ಎರಡೂ ಟ್ಯೂಬುಗಳನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದಳು. ಒಂದರಲ್ಲಿ ಬಿಳಿ ಎಳೆಗಳು ಮೂಡಿ ದ್ರವ ಮೊಸರಿನಂತೆ ಗಟ್ಟಿಯಾಗಿ ನಿಂತಿತು. ಇನ್ನೊಂದು ನೀರಿನಂತೆ ಹರಿಯುತ್ತಲೇ ಇತ್ತು. ಅವಳು ಅದನ್ನು ಮತ್ತೆ ಓರೆ ಮಾಡಿದಳು. ಮತ್ತೆ ಮಾಡಿದಳು.

ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡಳು. "ಮುಚ್ಚಿಡಬ್ಯಾಡ ಕಣವ್ವ, ತಡ್ಕೋತೀನಿ. ಆ ಗಟ್ಟಿಯಾಗಿರೋದು ನಿಂದೇ ತಾನೆ?"

"ಅಲ್ಲ ಅಜ್ಜಿ, ನಿಮ್ಮದು."