ಚೆಂಡು ಬೇಡವೆಂದವರು

“ಚೆಂಡು ಬೇಡ ಸರ್. ಓಡಿಸಿ ನೋಡಿ. ಯಾರಲ್ಲಿ ಎಷ್ಟು ದಮ್ಮಿದೆ ಅಂತ ಓಟದಲ್ಲೇ ಗೊತ್ತಾಗುತ್ತೆ.”

ಹೀಗೆಂದವನು ಅಂಟು. ಬಟ್ಟೆ ಬದಲಿಸುವ ಕೋಣೆಯಲ್ಲಿದ್ದ ಆಟಗಾರರೆಲ್ಲ ಅವನತ್ತ ತಿರುಗಿದರು. ಚೆಂಡು ಕಾಲಿಗೆ ಅಂಟಿಕೊಂಡೇ ಬರುತ್ತದೆಂದು ಆ ಹೆಸರು ಬಿದ್ದವನು ಅವನು. ಚೆಂಡಿಲ್ಲದೆ ಓಡುವುದು ಪೊಲೀಸರಿಗೆ ಹೆದರಿದವರ ಕೆಲಸ ಎಂದು ಇಷ್ಟು ವರ್ಷ ಎಲ್ಲರನ್ನೂ ನಗಿಸಿದವನೂ ಅವನೇ.

“ನಿನ್ನ ಬಾಯಲ್ಲಿ ಈ ಮಾತಾ?” ಎಂದರು ಕೋಚ್. “ನಾನು ಚೆಂಡು ಕೊಟ್ಟೇ ನೋಡೋಣ ಅಂತಿದ್ದೆ.”

“ಚೆಂಡಿನಾಟ ಎಲ್ಲರಿಗೂ ಬರುತ್ತೆ ಸರ್. ಪಂದ್ಯದ ಕೊನೇಲಿ ಕಾಲು ಬರಬೇಕಲ್ಲ?”

ಹೇಳುವಾಗಲೇ ಅವನ ಬಲ ಮೊಣಕಾಲು ಚುಳ್ಳೆಂದಿತು. ಕೆಲವು ತಿಂಗಳ ಹಿಂದೆ ಅದರೊಳಗೇನೋ ಕಿತ್ತುಹೋಗಿತ್ತು. ನೇರ ಓಡಿದರೆ ಹೇಗೋ ತಡೆಯುತ್ತಿತ್ತು. ಚೆಂಡಿನ ಹಿಂದೆ ಸರಕ್ಕನೆ ತಿರುಗಿದರೆ ಕೈಕೊಡುತ್ತಿತ್ತು. ಇದು ಹೆಂಡತಿಗೆ ಮಾತ್ರ ಗೊತ್ತು ಎಂದು ಅವನ ನಂಬಿಕೆ. ದಿನಾ ಬೆಳಗ್ಗೆ ಬಾಗಿಲು ಹಾಕಿಕೊಂಡು ಪಟ್ಟಿ ಸುತ್ತಿ ಕಳಿಸುತ್ತಿದ್ದವಳು ಅವಳೇ.

ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದಕ್ಕೆ ಇಬ್ಬರು: ಅಂಟು, ಮತ್ತು ಓಟದಿಂದಲೇ ಆ ಹೆಸರು ಬಿದ್ದ ಕುದುರೆ. ಆಯ್ಕೆಯಾಗದವನು ಕ್ಲಬ್ಬು ಕೊಟ್ಟ ಮನೆಯನ್ನೂ ಬಿಡಬೇಕು. ಅಂಟುವಿಗೆ ಆಟ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಇವತ್ತು ಪಟ್ಟಿ ಬಿಗಿಯುತ್ತಾ ಹೆಂಡತಿ, “ಪಾತ್ರೆ ಪಗಡೆ ಕಟ್ಟಿಡಲಾ, ಬೇಡ್ವಾ? ಒಂದು ಮಾತು ಹೇಳಿ ಹೋಗಿ” ಎಂದಿದ್ದಳು. ಅವನು ಉತ್ತರ ಕೊಡದೆ ಬಂದಿದ್ದ.

“ನೀನೇನಂತೀಯ?” ಕೋಚ್ ಕುದುರೆಯನ್ನು ಕೇಳಿದರು.

“ನಂಗೂ ಓಟವೇ ಸರಿ ಸರ್.” ಬೂಟಿನ ದಾರ ತಡವುತ್ತಿದ್ದ ಕುದುರೆ ತಲೆಯೆತ್ತಲಿಲ್ಲ.

ಅಂಟುವಿಗೆ ಅನುಮಾನ ಹುಟ್ಟಿತು. ಕುದುರೆ ಓಡಬಲ್ಲ, ಸರಿ. ಆದರೆ ಇಷ್ಟು ಬೇಗ ಒಪ್ಪಬೇಕಾದರೆ ಇವನಿಗೆ ನನ್ನ ಕಾಲಿನ ಸುಳಿವು ಸಿಕ್ಕಿರಬೇಕು. ಈಚೆಗೆ ಆಸಾಮಿಯ ಧೋರಣೆಯೇ ಬದಲಾಗಿತ್ತು. ಎದುರಿಗೇ ಬಂದರೂ ಮಾತಾಡಿಸದೆ ಹೋಗುತ್ತಿದ್ದ, ಕೂಗಿ ಕರೆದರೆ ಮಾತ್ರ ನಗುತ್ತಿದ್ದ. ಬೈಕ್ ಹುಚ್ಚಿನ ಮನುಷ್ಯ ಈಗ ಹೆಂಡತಿಯ ಕೈಗೆ ಬೈಕ್ ಕೊಟ್ಟು ಹಿಂದೆ ಮಹಾರಾಜನ ಹಾಗೆ ಕೂತು ಬರುತ್ತಿದ್ದ. ಕಳೆದ ಪಂದ್ಯದಲ್ಲಂತೂ ಚೆಂಡು ಪಕ್ಕದಲ್ಲೇ ಬಂದು ಬಿದ್ದರೂ ಕಾಲು ಚಾಚಿರಲಿಲ್ಲ. ಕೊಬ್ಬು ಎಂದು ಎಲ್ಲರೂ ಆಡಿಕೊಂಡಿದ್ದರು.

“ಸರಿ, ನಿಮ್ಮಿಷ್ಟ” ಎಂದರು ಕೋಚ್.

ಅವರು ಮನಸ್ಸು ಬದಲಿಸುವ ಮೊದಲೇ ಅಂಟು ಚೆಂಡುಗಳ ಬಲೆಚೀಲವನ್ನು ಉಗ್ರಾಣಕ್ಕೆ ಎಳೆದೊಯ್ದು ಬೀಗ ಜಡಿದ. ಇಷ್ಟು ವರ್ಷ ಅನ್ನ ಹಾಕಿದ್ದು ಆ ಚೆಂಡು. ಅದನ್ನೇ ಕತ್ತಲಕೋಣೆಗೆ ತಳ್ಳಿ ಬಂದೆನಲ್ಲ ಎಂದು ಅವನಿಗೆ ಅಳು ಬಂತು. ನಲ್ಲಿ ಬಿಟ್ಟು ಮುಖ ತೊಳೆದುಕೊಂಡ.

ಮೈದಾನದಲ್ಲಿ ಮಟಮಟ ಮಧ್ಯಾಹ್ನ. ಓಟದ ಹಾದಿಯ ಅಂಚಿನಲ್ಲಿದ್ದ ಬಾವುಟದ ಕಂಬಕ್ಕೆ ಅಂಟು ತನ್ನ ಹಳದಿ ಜಾಕೆಟ್ಟನ್ನು ನೇತುಹಾಕಿದ. ಆ ಬಣ್ಣದ್ದು ತಂಡದಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಒಬ್ಬರು ನಿಲ್ಲುವ ತನಕ ಓಟ ಎಂದು ಕೋಚ್ ಸೀಟಿ ಊದಿದರು.

ಕುದುರೆ ತಲೆ ತಗ್ಗಿಸಿ, ಬಿಳಿ ಗೆರೆ ಬಿಟ್ಟು ಒಂದಿಷ್ಟೂ ಆಚೀಚೆ ಹೋಗದೆ ಓಡಿದ. ಪಕ್ಕದಲ್ಲೊಬ್ಬ ಪ್ರತಿಸ್ಪರ್ಧಿ ಇದ್ದಾನೆಂಬ ಗಣನೆಯೇ ಇಲ್ಲ. ಅಂಟು ಹಲ್ಲು ಕಚ್ಚಿ ಅವನ ಬೆನ್ನು ಹತ್ತಿದ. ಸುತ್ತು ಸುತ್ತಿಗೂ ಮೊಣಕಾಲು ಬೆಂಕಿಯಾಯಿತು. ಪಾತ್ರೆ ಪಗಡೆ ಕಟ್ಟಿಡಲಾ, ಬೇಡ್ವಾ? ಬೇಡ ಕಣೇ, ಇನ್ನೊಂದು ಸುತ್ತು. ಬೇಡ ಕಣೇ, ಇನ್ನೊಂದೇ ಒಂದು. ಆ ಇನ್ನೊಂದು ಮುಗಿಯಲಿಲ್ಲ. ಬಾವುಟದ ಕಂಬದ ಬುಡದಲ್ಲೇ ಕಾಲು ಮಡಿಚಿಕೊಂಡು ಅವನು ಕುಸಿದು ಕೂತ.

ಕೋಚ್ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

“ನೀನು ಕುಂಟೋದನ್ನ ನಾನು ಎಂದೋ ನೋಡಿದ್ದೆ ಕಣಯ್ಯಾ. ಅದಕ್ಕೇ ಇವತ್ತು ಇಬ್ಬರನ್ನೂ ನಿಂತಲ್ಲೇ ನಿಲ್ಲಿಸಿ, ಮೇಲಿಂದ ಚೆಂಡು ಎಸೆದು, ಯಾರು ಸರಿಯಾಗಿ ತಡೀತಾರೆ ನೋಡೋಣ ಅಂತಿದ್ದೆ. ನೀನೇ ಓಟ ಓಟ ಅಂದೆ. ಕಾಲು ವಾಸಿಯಾಯ್ತೇನೋ ಅಂದ್ಕೊಂಡೆ.” ಅವರು ಎದ್ದು ನಿಂತರು. “ಎಲ್ಲರೆದುರು ಓಡಿ ಗೆದ್ದಿದ್ದಾನೆ. ಜಾಗ ಅವನದೇ.”

ಅವರು ಹೋದ ಮೇಲೆ ಕುದುರೆ ಬಂದ. ಹತ್ತಿರ, ತೀರಾ ಹತ್ತಿರ ಬಂದು ನಿಂತ. ಅವನ ಕಣ್ಣಲ್ಲಿ ನೀರಿತ್ತು.

“ಚೆಂಡು ಬೇಡ ಅಂದು ನನ್ನ ಮನೆ ಉಳಿಸಿದೆ ಅಣ್ಣಾ. ನಿನಗೆ ಗೊತ್ತಾಗಿಯೇ ಹಾಗಂದೆ ಅಲ್ವಾ? ದಯವಿಟ್ಟು ಯಾರಿಗೂ ಹೇಳಬೇಡ” ಎಂದು ಪಿಸುಗುಟ್ಟಿ ಕುದುರೆ ಕೈ ಚಾಚಿದ.

ಆ ಕೈ ಹಾಡಹಗಲ ಬಿಸಿಲಿನಲ್ಲಿ, ನೆಲದ ಮೇಲೆ ಕೂತಿದ್ದ ಅಂಟುವಿನ ತಲೆಯನ್ನು ದಾಟಿ, ಕಂಬದಲ್ಲಿ ತೂಗುತ್ತಿದ್ದ ಖಾಲಿ ಹಳದಿ ಜಾಕೆಟ್ಟಿನ ಮುಂದೆ ನಿಂತಿತ್ತು.