ಬೀಗತಿಯ ಉಡಿ

ಮಂಗಲಾ ಮುರಿಯಬೇಕೆಂದದ್ದು ಒಂದೇ ಎಸಳನ್ನು. ಕೈಗೆ ಬಂದದ್ದು ಗಿಡದ ತಲೆಯೇ. ಕಿಟಕಿಯ ಕಟ್ಟೆಯ ಮೇಲೆ, ಹಿಡಿಕೆ ಹೋದ ಚಹಾ ಕಪ್ಪಿನಲ್ಲಿ, ನೀರು ತುಂಬಿದ ದಪ್ಪ ಎಸಳುಗಳಿಂದ ಹಸಿರು ಕಲ್ಲಿನಲ್ಲಿ ಕಡೆದ ಪುಟ್ಟ ಕಮಲದಂತೆ ಕುಳಿತಿದ್ದ ಅದು ಚಿಟಕ್ಕೆಂದು ಮುರಿದು, ಬೋಳು ದಂಟನ್ನು ಮಾತ್ರ ಮಣ್ಣಿನಲ್ಲಿ ಉಳಿಸಿತು. ಒಳಗಿನಿಂದ ಬಳೆಗಳ ಸದ್ದು ಕೇಳಿಸಿತು. ಮಂಗಲಾ ಮುರಿದುದನ್ನು ಅವಸರದಿಂದ ಸೆರಗಿನಲ್ಲಿ ಸುತ್ತಿ ನಡುವಿಗೆ ಸಿಕ್ಕಿಸಿಕೊಂಡು, ಏನೂ ಅರಿಯದವಳಂತೆ ಜಮಖಾನೆಯ ಮೇಲೆ ಬಂದು ಕುಳಿತಳು.

ಇದು ಕಳವೆಂದು ಅವಳಿಗೆ ಅನ್ನಿಸಿರಲಿಲ್ಲ. ಬೇಡಿ ತಂದ ಗಿಡ ಬಾಡುತ್ತದೆ, ಕದ್ದು ತಂದದ್ದು ಚಿಗುರುತ್ತದೆ ಎಂಬುದು ಆ ಸೀಮೆಯ ಹೆಂಗಸರ ನಂಬಿಕೆ. ಶೇಗಾಂವದ ಅವಳ ಅಂಗಳದಲ್ಲಿ ನಳನಳಿಸುವ ಗಿಡಗಳೆಲ್ಲ ಬೀಗರ ಮನೆಗಳಿಂದ, ದವಾಖಾನೆಯ ಬೇಲಿಯಿಂದ ಹೀಗೆಯೇ ಸೆರಗು ಹಿಡಿದು ಬಂದವು. ಆದರೆ ಇಂದು ಅವಳು ಉಟಗಿಯ ಈ ಮನೆಗೆ ಬಂದದ್ದು ಮಗ ರಾಮಲಿಂಗನಿಗೆ ಹೆಣ್ಣು ನೋಡಲು. ನೌಕರಿಯಿಲ್ಲದ, ಕುರಿ ಕಾಯುವ ಹುಡುಗನಿಗೆ ಹೆಣ್ಣು ಕೊಡೆವೆಂದು ಊರೂರು ತಲೆಯಾಡಿಸಿದ ಮೇಲೆ ಇದೊಂದು ಮನೆ ಬರ್ರಿ ಎಂದಿತ್ತು. ಹೊರಗೆ ಬೇವಿನ ನೆರಳಿನಲ್ಲಿ ಗಂಡಸರು ಆಗಲೇ ಮುಹೂರ್ತದ ಮಾತಿಗೆ ಇಳಿದಿದ್ದರು.

ಅವಲಕ್ಕಿಯ ತಾಟುಗಳನ್ನು ತಂದಿಟ್ಟು ತಲೆಯೆತ್ತಿದ ಹುಡುಗಿ ಶೀತಲಳ ಕಣ್ಣು ಕಿಟಕಿಯಲ್ಲೇ ನಿಂತುಬಿಟ್ಟಿತು.

"ಅವ್ವಾ... ನನ್ನ ಗಿಡ!"

ಹುಡುಗಿಯ ತಾಯಿ ವಿಜಯಾ ಓಡಿ ಬಂದಳು. ಮೂಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಳಿತಿದ್ದ ದುಂಡವ್ವನ ಮೇಲೆ ಅವಳ ಸಿಟ್ಟು ಸಿಡಿಯಿತು. ದುಂಡವ್ವ ಆಕೆಯ ಗಂಡನ ಅಕ್ಕ. ತನ್ನ ಗಂಡ ತೀರಿದ ಮೇಲೆ ತವರಿಗೆ ಮರಳಿ ತಮ್ಮನ ಅನ್ನ ಉಣ್ಣುತ್ತಿದ್ದವಳು.

"ಯಕ್ಕಾ, ನಿಂದಽ ಕೆಲಸ ಇದು! ಮಂದಿ ಬಂದಾಗರ ಕೈ ಸುಮ್ಮನ ಇಟ್ಕೊಂಡ ಕುಂದ್ರಾಕ ಆಗೂದಿಲ್ಲೇನ?" ಎಂದವಳು ಮಂಗಲಳತ್ತ ತಿರುಗಿ ದನಿ ತಗ್ಗಿಸಿದಳು. "ಈಕಿಗಿ ಸಾಂಗಲಿ ಗೆಳತಿ ಒಂದ ಎಸಳ ಕೊಟ್ಟಿದ್ಲರಿ. ಉಸುಕಿನ ಮ್ಯಾಲ ಇಟ್ಟು, ಹನಿ ಹನಿ ನೀರ ಚಿಮುಕಿಸಿ ಬೆಳಸ್ಯಾಳ. ನಿಮ್ಮ ಮನಿಗಿ ಬರುವಾಗ ಇದನ್ನ ತಗೊಂಡ ಬರ್ತೀನಿ ಅಂತಿದ್ಲು."

ದುಂಡವ್ವನ ನೋಟ ಮಂಗಲಳ ನಡುವಿನ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಮೊರಕ್ಕೆ ಇಳಿಯಿತು.

"ಹೂಂ, ನಾನಽ ಮುರದೀನಿ. ಧೂಳ ಒರಸಾಕ ಹೋಗಿದ್ನಿ, ಕೈ ತಾಕ್ತು."

"ಮುರದದ್ದು ಎಲ್ಲೈತಿ ಅತ್ತಿ? ನಟ್ಟರ ಮತ್ತ ಬೇರ ಬಿಡತೈತಿ," ಎಂದಳು ಶೀತಲ, ಅಳು ನುಂಗಿಕೊಂಡು.

"ತಿಪ್ಪಿಗಿ ಒಗದ್ನಿ."

"ತಿಪ್ಪಿಗಿ! ಕುರಿಗರ ಹಾಕಿದ್ದರ ಅದರ ಹೊಟ್ಟಿ ತುಂಬತಿತ್ತು," ಎಂದು ವಿಜಯಾ ಹಣೆ ಬಡಿದುಕೊಂಡಳು.

ಮಂಗಲಾ ಆಗಲೇ ಬಾಯಿ ಬಿಡಬೇಕಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದದ್ದೂ ನಿಜ. ಅಷ್ಟರಲ್ಲಿ ಹೊರಗಿನಿಂದ ರಾಮಲಿಂಗನ ನಗೆ ಕೇಳಿಸಿತು. ಎಷ್ಟೋ ದಿನಗಳಿಂದ ಆ ಹುಡುಗ ಹಾಗೆ ನಕ್ಕಿರಲಿಲ್ಲ. ನಾಲಿಗೆ ತಾನಾಗಿ ಹೊರಳಿತು.

"ಹೋಗ್ಲಿ ಬಿಡ್ರಿ. ವಯಸ್ಸಾದವರು, ಕೈ ತಪ್ಪತೈತಿ. ಒಂದ ಗಿಡಕ್ಕ ಯಾರರ ಇಷ್ಟ ಬೈತಾರೇನ್ರಿ?"

"ನಿಮ್ಮದು ಭಾಳ ದೊಡ್ಡ ಮನಸ್ಸರಿ, ಬೀಗತೇರ," ಎಂದಳು ವಿಜಯಾ. ಶೀತಲ ಕೂಡ ಒದ್ದೆ ಕಣ್ಣುಗಳಿಂದ ಅವಳನ್ನು ಮೆಚ್ಚಿ ನೋಡಿದಳು. ಮಂಗಲಾ ಅರ್ಧ ತಿಂದ ಅವಲಕ್ಕಿಯ ತಾಟನ್ನು ಪಕ್ಕಕ್ಕೆ ಸರಿಸಿದಳು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ತಂಬಿಗೆ ಹಿಡಿದು ಬಂದವಳು ದುಂಡವ್ವನೇ. ನೀರು ಹಾಕಿ ಮುಗಿಸಿ, ತಂಬಿಗೆಯನ್ನು ಕಲ್ಲಿನ ಮೇಲಿಟ್ಟು, ಅಂಗೈ ಚಾಚಿದಳು.

"ಕೊಡ್ರಿ. ಈಗ ಉಡಿ ತುಂಬತಾರ. ಸೆರಗ ಹರವಬೇಕಾಗ್ತೈತಿ."

ಮಂಗಲಳ ಕಿವಿಗಳು ಕಾದವು. "ನೋಡಿದ್ರೇನ್ರಿ?"

"ಮುಂಜಾನಿಂದ ಆ ಮೂಲ್ಯಾಗಽ ಕುಂತೀನಲ್ರಿ. ಬಂದವರಿಗಿ ನಾ ಕಾಣೂದಿಲ್ಲ, ಅಷ್ಟ."

"ಮತ್ತ ನಿಮ್ಮ ಮ್ಯಾಲ ಯಾಕ ಹಾಕ್ಕೊಂಡ್ರಿ?"

"ಬೈಸ್ಕೊಳ್ಳೂದು ನನಗ ರೂಢಿ ಐತ್ರಿ. ಹುಡುಗಿ ನಿಮ್ಮ ಕೈಯಾಗ ಬಾಳಬೇಕು. ನಿಮ್ಮ ಮಾರಿ ನೋಡಿದಾಗೊಮ್ಮೆ ಆಕಿಗಿ ಇದು ನೆನಪಾಗಬಾರದು."

ಮಂಗಲಾ ನಡುವಿನ ಸೆರಗು ಬಿಡಿಸಿದಳು. ಕುಳಿತ ಭಾರಕ್ಕೆ ಹೊರಗಿನ ಎಸಳುಗಳು ಜಜ್ಜಿ ಲೋಳೆನೀರು ಬಿಟ್ಟಿದ್ದವು. ನಡುವಿನ ಮೊಗ್ಗಷ್ಟೇ ಉಳಿದಿತ್ತು. ದುಂಡವ್ವ ಅದನ್ನು ತಿರುಗಿಸಿ ನೋಡಿ, "ಜೀವ ಐತಿ. ಗಾಯ ಒಣಗೂತನಾ ನೆರಳಿಗಿ ಇಟ್ಟು ಆಮ್ಯಾಲ ಶೀತಲ ಮಣ್ಣಾಗ ನಡತಾಳ. ತಿಪ್ಪ್ಯಾಗ ಸಿಕ್ತು ಅಂತ ಹೇಳ್ತೀನಿ," ಎಂದು ಮುಷ್ಟಿ ಮುಚ್ಚಿಕೊಂಡು ಹೋದಳು. ಕ್ಷಮಿಸಿರೆನ್ನಲು ಮಂಗಲಾ ತುಟಿ ತೆರೆಯುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ವಿಜಯಾ ಹಣೆಗೆ ಕುಂಕುಮವಿಟ್ಟಳು. ಮಂಗಲಾ ಸೆರಗು ಹರವಿ ಹಿಡಿದಳು. ಅದರ ನಟ್ಟನಡುವೆ ಅಂಗೈಯಗಲದ ಒದ್ದೆ ಕಲೆ.

"ಸೆರಗಿಗೇ ಕೈ ಒರಸ್ಕೊಂಡ್ರೇನ್ರಿ? ಕರದಿದ್ದರ ಟಾವೆಲ್ ಕೊಡತಿದ್ನಿ!" ಎಂದು ವಿಜಯಾ ನಕ್ಕಳು. ಕುಬಸದ ಖಣ, ತೆಂಗಿನಕಾಯಿ ಇಟ್ಟು, ಬೊಗಸೆ ತುಂಬ ಅಕ್ಕಿ ಸುರಿದಳು. ಕಾಳುಗಳು ಆ ಲೋಳೆಗೆ ಕಚ್ಚಿಕೊಂಡು ನಿಂತವು. ಮಂಗಲಾ ಅವುಗಳ ಮೇಲಿನಿಂದ ಕಣ್ಣು ಎತ್ತಲಿಲ್ಲ.

"ಮಗಳನ್ನ ನಿಮ್ಮ ಉಡಿಯಾಗ ಹಾಕೇವ್ರಿ," ಎಂದಳು ವಿಜಯಾ, ದನಿ ತುಂಬಿ ಬಂದು. "ಜ್ವಾಕಿಲೆ ನೋಡ್ಕೋರಿ."